ಬೆಕ್ಕು ಬಂತು, ಇಲಿ ಹೋದವು

ಗೋಡೆಯ ಮೇಲೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎಂದು ಓಣಿಯ ಹೆಂಗಸರು ಹೇಳಿದಾಗ ನಾನೂ ಹೂಂ ಎನ್ನುತ್ತೇನೆ. ಆದರೆ ಅದಕ್ಕಾಗಿ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಬೇಯಿಸುವುದಿಲ್ಲ. ದೇವರ ಮೇಲಿರುವ ನಂಬಿಕೆ ನನಗೆ ಕಾಗೆಯ ಮೇಲಿಲ್ಲ. ನಾನು ಮುಸುರೆ ಚೆಲ್ಲುವ ಹೊತ್ತಿಗೆ ಅದು ದಿನವೂ ಕೂಗುತ್ತದೆ. ನಮ್ಮ ಯಜಮಾನರು ದಾರಿಯಲ್ಲಿ ಸಿಕ್ಕವರನ್ನೆಲ್ಲ "ಊಟಕ್ಕ ಬರ್ರಿ" ಎಂದು ಕರೆಯುವುದರಿಂದ ನೆಂಟರೂ ಆಗಾಗ ಬರುತ್ತಾರೆ. ಕಾಗೆ ಕೂಗಿ ನೆಂಟರು ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ಕೂಗಿಯೂ ಯಾರೂ ಬಾರದ ದಿನವನ್ನು ಯಾರು ನೆನಪಿಡುತ್ತಾರೆ? ಅಂದು ನಾವು ಉಂಡು ಮಲಗಿರುತ್ತೇವೆ.

ಇಷ್ಟಕ್ಕೇ ನನ್ನನ್ನು ಓದಿದವಳು ಎಂದುಕೊಳ್ಳಬೇಡಿ. ತವರೂರು ಬಾದನಹಟ್ಟಿಯಲ್ಲಿ ನಾಲ್ಕು ಅಕ್ಷರ ಕಲಿತದ್ದು, ಮಿಕ್ಕದ್ದು ಗುಡಿಯ ಪುರಾಣದಲ್ಲಿ ಕೇಳಿದ್ದು. ಪುರಾಣ ಹೇಳುವ ಶಾಸ್ತ್ರಿಗಳು ಒಮ್ಮೆ, ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬೇಕು, ತರ್ಕವೆಂದರೆ ಇದೇ ಎಂದರು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ನಮ್ಮ ಒಲೆ ನೆನಪಾಯಿತು. ಒಲೆಯಲ್ಲಿ ನಿಗಿನಿಗಿ ಕೆಂಡವಿದ್ದಾಗ ಎಳೆ ಹೊಗೆಯೂ ಏಳುವುದಿಲ್ಲ. ಹೊಗೆ ಕಂಡರೆ ಬೆಂಕಿ ಎನ್ನುವುದು ಸರಿ. ಹೊಗೆ ಕಾಣದಿದ್ದರೆ ಬೆಂಕಿಯಿಲ್ಲ ಎಂದು ಕೈಯಿಟ್ಟರೆ ಬೊಬ್ಬೆ ಖಂಡಿತ. ಅಂಥ ಬೊಬ್ಬೆ ನಮ್ಮ ಮನೆಗೆ ಎದ್ದದ್ದು ಒಂದು ಬೆಕ್ಕಿನ ದೆಸೆಯಿಂದ, ಅಥವಾ ಬೆಕ್ಕಿನ ದೆಸೆಯಿಂದ ಅಲ್ಲ. ಅದನ್ನೇ ಹೇಳಹೊರಟಿದ್ದೇನೆ.

ಎರಡನೆಯ ಮಹಾಯುದ್ಧದ ಕಡೆಗಾಲ. ಬಳ್ಳಾರಿಯಲ್ಲಿ ಕೋಟೆ ಗುಡ್ಡದ ಕೆಳಗೆ ನಮ್ಮ ಮನೆ. ಸಿರುಗುಪ್ಪಕ್ಕೆ ಕೊಟ್ಟಿದ್ದ ನನ್ನ ನಾದಿನಿ ಗೌರಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ರೇಷನ್ನಿನ ಜೋಳಕ್ಕೆ ನಾವು ಸಾಲಿನಲ್ಲಿ ನಿಂತರೆ, ಇಲಿಗಳು ಸಾಲು ನಿಲ್ಲದೆ ತಿನ್ನುತ್ತಿದ್ದ ಕಾಲ ಅದು. ಮಲಗಿದವರ ಹಿಮ್ಮಡಿಯನ್ನೂ ಬಿಡುತ್ತಿರಲಿಲ್ಲ. ಕೂಸಿನ ಬೆರಳು ಕಡಿದಾವೆಂದು ನಮ್ಮ ಅತ್ತೆಯವರಿಗೆ ನಿದ್ದೆ ಹತ್ತದು. ಕಡೆಗೆ ಬಾದನಹಟ್ಟಿಯಿಂದ ನಮ್ಮ ಅಣ್ಣ ಚೀಲದಲ್ಲಿ ಕಟ್ಟಿಕೊಂಡು ಒಂದು ಬೆಕ್ಕು ತಂದ. ಅದು ದಾರಿ ಗುರುತು ಹಿಡಿದು ತಿರುಗಿ ಓಡಿಹೋಗಬಾರದೆಂದು, ಪದ್ಧತಿಯ ಪ್ರಕಾರ ಊರ ಹೊರಗೆ ಚೀಲ ಹಿಡಿದು ಗಿರಗಿರನೆ ಸುತ್ತಿ ಬಂದಿದ್ದ. ಬೆಕ್ಕಿಗೆ ದಿಕ್ಕು ತಪ್ಪಿತೋ ಇಲ್ಲವೋ, ಅಣ್ಣನಂತೂ ತಲೆ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಬೆಕ್ಕು ಬಂದ ವಾರದೊಳಗೇ ಇಲಿಗಳ ಸದ್ದು ಅಡಗಿತು. ಜೋಳದ ಚೀಲಕ್ಕೆ ಹೊಸ ತೂತು ಬೀಳಲಿಲ್ಲ. ಅತ್ತೆಯವರು ಬೆಕ್ಕಿನ ತಲೆ ಸವರಿ ನನ್ನ ಕಡೆ ನೋಡಿದರು. "ನಿನ್ನ ತವರುಮನಿಯಿಂದ ಬಂದದ್ದರಾಗ ಕೆಲಸಕ್ಕ ಬಂದದ್ದು ಇದೊಂದ ನೋಡವಾ."

"ನಾನೂ ಅಲ್ಲಿಂದನ ಬಂದೀನ್ರಿ ಅತ್ತಿ."

"ಅದಕ್ಕ ಹೇಳಿದ್ದು!"

ಗೌರಿ ಕೋಣೆಯೊಳಗಿಂದಲೇ ಕಿಸಕ್ಕನೆ ನಕ್ಕಳು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ನಾನೂ ಸಣ್ಣದೊಂದು ಉಪಕಾರವಾಯಿತೆಂದು ದೇವರಿಗೆ ದೀಪ ಹಚ್ಚಿದೆ.

ಊರಿನ ಆಚೆ ಕಡೆ ಆಗಲೇ ಪ್ಲೇಗಿನ ಸುದ್ದಿಯಿತ್ತು. ಆ ರೋಗಕ್ಕೆ ಮೊದಲು ಸಾಯುವುದು ಇಲಿ, ಅದಕ್ಕೇ ನಮ್ಮಲ್ಲೊಂದು ಕಟ್ಟಳೆ. ಮನೆಯಲ್ಲಿ ಇಲಿ ಸತ್ತುಬಿದ್ದರೆ ಅಂದೇ ಬೀಗ ಹಾಕಿ, ಬಯಲಿಗೆ ಹೋಗಿ ಗುಡಿಸಲು ಹಾಕಿಕೊಳ್ಳಬೇಕು. ಇಲಿ ಬೀಳದಿದ್ದರೆ ಭಯವಿಲ್ಲ. ಕಟ್ಟಳೆ ಒಳ್ಳೆಯದೇ, ಎಷ್ಟೋ ಸಂಸಾರಗಳನ್ನು ಉಳಿಸಿದೆ. ಆದರೆ ಅದರಲ್ಲಿ ಬಿದ್ದ ಇಲಿಗೆ ಮಾತ್ರ ಲೆಕ್ಕ, ಕಾಣೆಯಾದ ಇಲಿಗೆ ಲೆಕ್ಕವಿಲ್ಲ.

ನನಗೆ ಅನುಮಾನ ಬಂದದ್ದು ಬೆಕ್ಕನ್ನು ನೋಡಿಯೇ. ಅದು ಬಾಣಂತಿಗೆ ಮಿಕ್ಕ ಹಾಲು ಕುಡಿದು ಒಲೆಯ ಪಕ್ಕ ಮಲಗುತ್ತಿತ್ತು. ಅದರ ಬಾಯಲ್ಲಿ ಒಂದು ಬಾಲವನ್ನೂ ನಾನು ಕಂಡಿರಲಿಲ್ಲ. ಇರಲಿ, ಬೆಕ್ಕು ನಮ್ಮನ್ನು ಕರೆದು ತೋರಿಸಿ ಬೇಟೆಯಾಡುತ್ತದೆಯೇ ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ಎದುರುಮನೆಯ ತೆಲುಗಿನ ವೆಂಕಮ್ಮ ಬಂದು, "ಮಾ ಇಂಟ್ಲೋ ಕೂಡಾ, ನಮ್ಮ ಮನ್ಯಾಗೂ ಇಲಿ ಇಲ್ಲಕ್ಕಾ, ಎಲ್ಲಾ ನಿಮ್ಮ ಬೆಕ್ಕಿನ ಮಹಿಮಾ!" ಎಂದಳು. ನಮ್ಮ ಬೆಕ್ಕು ಹೊಸ್ತಿಲು ದಾಟಿದ್ದಿಲ್ಲ. ಬೆಕ್ಕು ಹೋಗದ ಮನೆಯ ಇಲಿಗಳು ಯಾರಿಗೆ ಹೆದರಿದವು? ನಮ್ಮದೇ ಅಟ್ಟಕ್ಕೆ ಸದಾ ಹಲಗೆ ಮುಚ್ಚಿರುತ್ತದೆ, ಅಲ್ಲಿಯೂ ಸದ್ದಿಲ್ಲವಲ್ಲ?

ಅತ್ತೆಯವರಿಗೆ ಹೇಳಿದೆ. "ವಾಸನಿ ಹಿಡಿದು ಓಡಿರ್ತಾವ" ಎಂದರು.

"ಓಡಿದ್ದರ ಎಲ್ಲ್ಯಾರ ಕಾಣಬೇಕಲ್ರಿ? ಓಣ್ಯಾಗೂ ಇಲ್ಲ. ಸತ್ತಿದ್ದರ?"

"ಸತ್ತಿದ್ದರ ನಾತ ಬರತಿರಲಿಲ್ಲೇನ?"

ಒಪ್ಪತಕ್ಕ ಮಾತು. ಆದರೆ ಬಾಣಂತಿಯ ಮನೆ. ಹೊತ್ತು ಹೊತ್ತಿಗೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಆ ಹೊಗೆಯಲ್ಲಿ ಆನೆ ಸತ್ತು ಬಿದ್ದಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಅಟ್ಟದ ಹಲಗೆ ತೆಗೆದು ನೋಡೋಣವೆಂದರೆ ಅತ್ತೆಯವರು ನನ್ನ ಕೈ ಹಿಡಿದು ತಡೆದರು. "ನೋಡಿ ಏನ್ ಮಾಡ್ತಿ? ಈ ಚಳ್ಯಾಗ ಹಸಿ ಬಾಣಂತೀನ ಬಯಲಿಗೆ ಒಯ್ತೀ? ಸನ್ನಿ ಹಿಡಿದು ಸತ್ತರ?" ಅವರ ಮೊದಲ ಮಗಳು ಹಾಗೆಯೇ ಬಾಣಂತನದಲ್ಲಿ ಥಂಡಿಯಾಗಿ ಹೋದವಳು. ಅದು ಅವರು ಕಣ್ಣಾರೆ ಕಂಡ ಸಾವು. ನಾನು ಹೇಳುತ್ತಿದ್ದದ್ದು ಕಾಣದ ಇಲಿಯ ಮಾತು. ಯಜಮಾನರು ಇಬ್ಬರ ಮಾತನ್ನೂ ಕೇಳಿ, "ಇಲಿ ಬಿದ್ದಿಲ್ಲಲ್ಲ, ನೋಡೋಣು ತಡಿ" ಎಂದು ಅಂಗಡಿಗೆ ಹೋದರು. ಸಾಕ್ಷಿಯನ್ನು ತೂಗುವವರು ತಕ್ಕಡಿಯಲ್ಲಿ ತಮ್ಮ ಆಸೆಯನ್ನೂ ಒಂದು ಕಲ್ಲಾಗಿ ಇಡುತ್ತಾರೆ. ನಾವು ಮೂವರೂ ಗೌರಿ ಬೆಚ್ಚಗಿರಲೆಂದೇ ಆಸೆಪಟ್ಟವರು.

ಕೆಲವು ದಿನಗಳಾದ ಮೇಲೆ ಹಾಡಹಗಲೇ ವೆಂಕಮ್ಮನ ಅಂಗಳದಲ್ಲಿ ಒಂದು ಇಲಿ ತೂರಾಡುತ್ತ ಬಂದು ಬಿತ್ತು. ಕಟ್ಟಳೆ ಪೂರೈಸಿತು. ಸಂಜೆಯೊಳಗೆ ಓಣಿ ಖಾಲಿ. ಅಟ್ಟದಿಂದ ಚಾಪೆ ಇಳಿಸಲು ಯಜಮಾನರು ಹಲಗೆ ಸರಿಸಿ, ಹಾಗೆಯೇ ಮುಚ್ಚಿ, ಚಾಪೆಯಿಲ್ಲದೆ ಇಳಿದರು. ಬಾಣಂತಿ ಕೋಣೆಯ ನೆತ್ತಿಯ ಮೇಲೆಯೇ ಸತ್ತ ಇಲಿಗಳು ಒಣಗಿ ಬಿದ್ದಿದ್ದವು. ಗೌರಿಗೆ ಬೆಳಿಗ್ಗೆಯಿಂದಲೇ ಮೈ ಸುಡುತ್ತಿತ್ತು. ಎದೆಹಾಲಿನ ಜ್ವರವೆಂದುಕೊಂಡಿದ್ದೆವು. ಬಂಡಿ ಹತ್ತಿಸುವಾಗ ತೊಡೆಯ ಸಂದಿಯ ಪ್ಲೇಗಿನ ಗಡ್ಡೆ ಕೈಗೆ ಸಿಕ್ಕಿತು.

ಗುಡಿಸಲಿನಲ್ಲಿ ಅವಳು ಹೆಚ್ಚು ನರಳಲಿಲ್ಲ. ಅದನ್ನೂ ದೇವರ ಉಪಕಾರದ ಕಡೆಗೇ ಬರೆದುಕೊಂಡಿದ್ದೇನೆ. ಕೂಸು ಆಡಿನ ಹಾಲಿಗೆ ಒಗ್ಗಿ ಉಳಿಯಿತು. ಈಗ ನನ್ನನ್ನು ಅವ್ವ ಎನ್ನುತ್ತಾನೆ.

ಮಣ್ಣು ಮಾಡಿ ಬಂದ ಮೇಲೆ ಅತ್ತೆಯವರು ಅಳಲಿಲ್ಲ, ಅನ್ನ ಮುಟ್ಟಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮರುದಿನವೂ ಹಾಗೆಯೇ ಕೂತಿದ್ದರು. ನಮ್ಮ ಹಿಂದೆಯೇ ಬಂಡಿ ಹತ್ತಿ ಬಂದಿದ್ದ ಬೆಕ್ಕು ಬಾಗಿಲಲ್ಲಿ ಸುಳಿಯಿತು. ಅವರು ಒಮ್ಮೆಲೇ ಚೀರಿದರು. "ನಿನ್ನ ತವರುಮನಿ ಬೆಕ್ಕ ನನ್ನ ಮಗಳನ್ನ ತಿಂತಲೇ! ಅದು ಕಾಲಿಟ್ಟ ಮ್ಯಾಲೆನ ಮಾರಿ ಬಂದದ್ದು!"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಬೆಕ್ಕಿಲ್ಲದ ವೆಂಕಮ್ಮನ ಮನೆಗೂ ಮಾರಿ ಬಂದಿತ್ತಲ್ಲ. ಬೆಕ್ಕು ಬರುವ ಮೊದಲೇ ಆಚೆ ಓಣಿಗಳಲ್ಲಿ ಜನ ಸತ್ತಿದ್ದರಲ್ಲ. ಮೊದಲು ಬಂದದ್ದೆಲ್ಲ ಆಮೇಲಿನದಕ್ಕೆ ಕಾರಣವಾಗುವುದಿಲ್ಲ. ಯಾವ ಶಾಸ್ತ್ರಿಗಳ ಮುಂದೆ ಹೇಳಿದರೂ ಗೆಲ್ಲುವ ಮಾತು. ಆದರೆ ಬೆಕ್ಕಿನ ಮೇಲಿನ ಹೊರೆ ಇಳಿಸಿದರೆ ಅದನ್ನು ಎಲ್ಲಿ ಇಡಲಿ? ಅಟ್ಟದ ಹಲಗೆ ತೆಗೆಯಬೇಡವೆಂದವರ ತೊಡೆಯ ಮೇಲೆಯೇ ಇಡಬೇಕು. ಅಲ್ಲಿ ಆಗಲೇ ತಾಯಿಯಿಲ್ಲದ ಕೂಸು ಮಲಗಿತ್ತು.

"ಹೌದ್ರಿ ಅತ್ತಿ," ಎಂದೆ. "ನಮ್ಮಣ್ಣ ಅದನ್ನ ತರಬಾರದಿತ್ತು."

ಅವರು ಆಗ ಅತ್ತರು. ಅತ್ತು ಅತ್ತು, ನಾನು ಹಿಡಿದ ಗಂಜಿ ಕುಡಿದರು.

ಹೋದ ವರ್ಷ ಅವರು ಶಿವನ ಪಾದ ಸೇರಿದರು. ಅವರಿರುವಷ್ಟು ದಿನ ಇದನ್ನು ಬರೆಯಲಾರದೆ ಇದ್ದೆ. ಬೆಕ್ಕು ಅವರಿಗಿಂತ ಮುಂಚೆ ಹೋಯಿತು. ಬದುಕಿದಷ್ಟು ಕಾಲ ಅತ್ತೆಯವರ ಬಾಯಲ್ಲಿ ಅದಕ್ಕೆ ಮಾರಿ ಎಂದೇ ಹೆಸರು. ಕರೆದರೆ ಓಡಿಯೂ ಬರುತ್ತಿತ್ತು. ನಾನು ದಿನವೂ ಅದಕ್ಕೆ ಒಂದು ತುತ್ತು ಹೆಚ್ಚು ಹಾಕುತ್ತಿದ್ದೆ. ತಿಂದು, ಮುಖ ತೊಳೆದು, ನನ್ನ ಕಡೆ ಒಮ್ಮೆ ನೋಡುತ್ತಿತ್ತು. ನನ್ನನ್ನು ಕ್ಷಮಿಸಿತ್ತು ಎಂದು ಹೇಳಲು ನನಗೆ ಬಹಳ ಆಸೆ. ಆದರೆ ಅದಕ್ಕೂ ಸಾಕ್ಷಿಯಿಲ್ಲ.