ಬೂದಿಯಲ್ಲಿ ಚುಚ್ಚಿಟ್ಟ ಚಾಕು

ನಮ್ಮ ಮನೆಗೆ ಚಾಕು ಬರುವುದು ಔರಾದಿನಿಂದ. ಔರಾದು ಅವ್ವನ ತವರು. ಅಲ್ಲಿಯ ಕಂಬಾರ ಮಾಮಾ ನಮಗೆ ರಕ್ತಸಂಬಂಧಿಯೇನಲ್ಲ. ಅವ್ವ ಹುಟ್ಟಿ ಬೆಳೆದ ಓಣಿಯಲ್ಲೇ ಅವರ ಕುಲುಮೆ. ಅವ್ವ ಅವರನ್ನು ಅಣ್ಣ ಎನ್ನುತ್ತಾಳೆ, ಹಾಗಾಗಿ ನನಗೆ ಮಾಮಾ. ಲಾರಿಯ ಹಳೆಯ ಕಮಾನು ಪಟ್ಟಿಯನ್ನು ಕಾಸಿ ಬಡಿದು, ಜಾಲಿ ಕಟ್ಟಿಗೆಯ ಹಿಡಿ ಹಾಕಿ ಅವರು ಮಾಡುವ ಹೊಲದ ಚಾಕು ಒಮ್ಮೆ ಮನೆಗೆ ಬಂದರೆ ಹತ್ತು ಹನ್ನೆರಡು ವರ್ಷ ಆ ಚಿಂತೆಯೇ ಇಲ್ಲ. ನೋಡಲು ಮಾತ್ರ ಕರ್ರಗೆ, ದಪ್ಪಗೆ, ಮೋರೆ ಗಂಟಿಕ್ಕಿಕೊಂಡ ಸೋದರತ್ತೆಯ ಹಾಗಿರುತ್ತದೆ.

ಇಂಥ ಮನೆಯವಳಾದ ನಾನು ಹೋದ ವರ್ಷ ಪರದೇಶದ ಚಾಕು ಕೊಂಡೆ. ನಾನು ಭಾಲ್ಕಿಯಿಂದ ದಿನವೂ ರೈಲಿನಲ್ಲಿ ಬೀದರಿಗೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳುವವಳು. ಬೀದರಿನ ಒಂದು ಅಂಗಡಿಯಲ್ಲಿ ಟೆಂಟು, ಬ್ಯಾಟರಿ, ಬೆನ್ನಿಗೆ ಹಾಕುವ ಚೀಲಗಳ ನಡುವೆ ಅದು ನೇತಾಡುತ್ತಿತ್ತು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿ, ಕನ್ನಡಿಯಂಥ ಅಲಗು, ಡಬ್ಬಿಯ ಮೇಲೆ ಹಿಮದ ಬೆಟ್ಟದ ಚಿತ್ರ. ಭಾಲ್ಕಿಯಲ್ಲಿ ಹಿಮ ಕಂಡವರಿದ್ದರೆ ಮುಂದೆ ಬರಲಿ. ಆದರೂ ಕೊಂಡೆ. ಮಾಮಾನ ಚಾಕುವಿನ ಅರ್ಧ ಬೆಲೆ, ಮೇಲಾಗಿ ನನಗೆ ಬಣ್ಣದ ಹುಚ್ಚು.

ಕೊಂಡವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. ದೀಪಾವಳಿಗೆ ಔರಾದಿಗೆ ಹೋದಾಗ ಚೀಲದಿಂದ ತೆಗೆದು ಮಾಮಾನಿಗೇ ತೋರಿಸಿದೆ! ಕಂಬಾರನ ಮುಂದೆ ಅಂಗಡಿ ಚಾಕು ಹಿಡಿದು ಮೆರೆಯುವ ನನ್ನ ಬುದ್ಧಿಗೆ ಏನೆನ್ನಬೇಕೋ. ಅವರು ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿದರು. ಆಗಲೇ ಅವರ ಕುಲುಮೆಗೆ ಬರುವ ಗಿರಾಕಿಗಳು ಕಡಿಮೆಯಾಗಿದ್ದರು. ಕುಡುಗೋಲು, ಕುರ್ಪಿ, ಎಲ್ಲವೂ ಅಂಗಡಿಯಲ್ಲಿ ಸಿಗುತ್ತಿದ್ದವು. ಅವರ ಕೈಯಲ್ಲಿ ಉಳಿದಿದ್ದದ್ದು ಹೊಲದ ಚಾಕು ಒಂದೇ.

"ಎಳ್ಳಮಾಸಿಗಿ ಎರಡೂ ಹೊಲಕ್ಕ ಒಯ್ಯಿ," ಎಂದರು. "ದಿನಾ ಪೂರ್ತಿ ಎರಡ್ರಿಂದಾನೂ ಕೊಯ್ದು ನೋಡು. ನೋಡಿ ಬಂದು ನನಗ ಖರೇ ಹೇಳು. ನಂದಕ್ಕಿಂತ ಅದೇ ಚಲೋ ಇದ್ರ ನಾ ಸುಮ್ಮ ಯಾಕ ಬಡದು ಸಾಯಲಿ? ಕುಲುಮಿ ಆರಿಸಿಬಿಡ್ತೇನಿ."

ನಾನು ನಗಾಡಿ ತೇಲಿಸಲು ನೋಡಿದೆ. ಅವರು ನಗಲಿಲ್ಲ.

ಹೊಲದಲ್ಲೇ ಕೂತು ಉಣ್ಣುವ ಎಳ್ಳ ಅಮಾವಾಸ್ಯೆಗೆ ಹಲಬರ್ಗಾದ ನಮ್ಮ ಹೊಲಕ್ಕೆ ಹೋದೆವು. ಕಾಳು, ತರಕಾರಿ ಎಲ್ಲ ಕೂಡಿಸಿ ಕುದಿಸುವ ಹಬ್ಬದ ಭಜ್ಜಿಯನ್ನು ಎಲ್ಲರೂ ಮನೆಯಲ್ಲೇ ಮಾಡಿ ಒಯ್ದರೆ ಅವ್ವನದು ಬೇರೆಯೇ ಹಟ, ಹೊಲದಲ್ಲಿ ಮೂರು ಕಲ್ಲು ಹೂಡಿ ಅಲ್ಲೇ ಕುದಿಸಬೇಕು. ಹಾಗಾಗಿ ಚಾಕುಗಳಿಗೆ ಕೈತುಂಬ ಕೆಲಸ. ನಾನು ಬೆಳಗಿನಿಂದ ಎರಡನ್ನೂ ಎದುರುಬದುರು ಇಟ್ಟುಕೊಂಡು ಕೂತೆ, ಮನಸ್ಸಿನಲ್ಲಿ ಮಾಮಾನೇ ಗೆಲ್ಲಲಿ ಎಂದು ಹಾರೈಸುತ್ತ.

ಮಾಮಾ ಗೆಲ್ಲಲಿಲ್ಲ. ಉಳ್ಳಾಗಡ್ಡಿಯನ್ನು ಪರದೇಶದ ಚಾಕು ಹಾಳೆಯಷ್ಟು ತೆಳ್ಳಗೆ ಸೀಳಿತು. ಬದನೆಕಾಯಿ ಅದರಲ್ಲಿ ಕೊಯ್ದರೆ ಕಪ್ಪಾಗುತ್ತಿರಲಿಲ್ಲ. ಕಬ್ಬನ್ನು ಎರಡೂ ಒಂದೇ ಏಟಿಗೆ ತುಂಡರಿಸಿದವು. ದಾರಿಗೆ ಅಡ್ಡ ಬಂದ ಜಾಲಿ ಟೊಂಗೆಗೆ ಮಾತ್ರ ಮಾಮಾನದು ಎರಡೇ ಏಟು ಸಾಕಾಯಿತು. ಪರದೇಶದ್ದು ನಡುವೆ ಸಿಕ್ಕಿಕೊಂಡು ನನ್ನ ಬೆವರಿಳಿಸಿತು. ಸಂಜೆಗೆ ಅದರ ಬಾಯಿ ಮೊಂಡಾಗುತ್ತದೆ, ಆಗ ಮಾಮಾನದೇ ಮೇಲಾಗುತ್ತದೆ ಎಂದು ಕಾದೆ. ಸಂಜೆಗೂ ಅದು ಹಾಗೇ ಇತ್ತು. ನನಗೆ ಅಳುವಷ್ಟು ಸಿಟ್ಟು ಬಂತು, ಆ ಚಾಕುವಿನ ಮೇಲೆ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು.

ನಮ್ಮಲ್ಲಿ ಮಾಮಾನ ಚಾಕು ತೊಳೆದ ಮೇಲೆ ಒರೆಸುವುದಿಲ್ಲ. ಒಲೆಯ ಬಿಸಿ ಬೂದಿಯಲ್ಲಿ ಹಿಡಿಯವರೆಗೆ ಚುಚ್ಚಿಡುತ್ತೇವೆ. ತೇವ ಆರುತ್ತದೆ, ಜಂಗು ಹಿಡಿಯುವುದಿಲ್ಲ. ಅವ್ವ ಮಾತಾಡುತ್ತ, ಕೈಯ ರೂಢಿಯಂತೆ, ಎರಡೂ ಚಾಕು ತೊಳೆದು ಎರಡನ್ನೂ ಬೂದಿಗೆ ಚುಚ್ಚಿದ್ದಳು. ಬೂದಿಯ ಕೆಳಗೆ ಇನ್ನೂ ಕೆಂಡವಿತ್ತು. ಜಾಲಿ ಹಿಡಿಗೆ ಏನೂ ಆಗಿರಲಿಲ್ಲ. ಕಿತ್ತಳೆ ಹಿಡಿ ಕರಗಿ, ಬೂದಿ ಮೆತ್ತಿಕೊಂಡು ಮುದ್ದೆಯಾಗಿತ್ತು.

"ಅಯ್ಯ ಶಿವನೇ, ಇದೇನು ಮೇಣದ್ದೇನ?" ಎಂದಳು ಅವ್ವ. ಗಾಬರಿಯಾಗಿದ್ದಳು. ನನಗೆ ಮಾತ್ರ ಒಳಗೊಳಗೇ ಹಿಗ್ಗು.

ಅವ್ವ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. "ಅಣ್ಣಗ ಇಷ್ಟೇ ಹೇಳು, ಅದು ಹೊಲದಾಗ ಒಂದು ದಿನಾನೂ ಬಾಳಲಿಲ್ಲ ಅಂತ. ಸುಳ್ಳೇನದ ಅದ್ರಾಗ?"

ಸುಳ್ಳೇನೂ ಇರಲಿಲ್ಲ. ಭಾಲ್ಕಿಯಿಂದ ಔರಾದಿಗೆ ಬಸ್ಸಿನಲ್ಲಿ ಹೋಗುವಾಗ ಆ ಮಾತನ್ನೇ ತಿರುತಿರುಗಿಸಿ ಬಾಯಿಪಾಠ ಮಾಡಿಕೊಂಡೆ. ಕುಲುಮೆಯ ಮುಂದೆ ಕರಗಿದ ಚಾಕು ಇಟ್ಟು ಒಪ್ಪಿಸಿಯೂ ಬಿಟ್ಟೆ.

ಮಾಮಾ ಹಿಡಿಯ ಕಡೆ ನೋಡಲೇ ಇಲ್ಲ. ಅಲಗನ್ನು ಬೆಳಕಿಗೆ ಹಿಡಿದು ತಿರುವಿದರು. "ಹಿಡಿ ಹೋತು, ಬಿಡು. ಬೂದ್ಯಾಗ ಇಟ್ಟವರು ನೀವು. ಇದು ಕೊಯ್ತಲ್ಲ, ಅದು ಹ್ಯಾಂಗಿತ್ತು?"

ತಾವು ಬಡಿಯುವ ಚಾಕು ಇವತ್ತಿಗೂ ಬೇಕೋ ಬೇಡವೋ ಎಂದು ಕೇಳುತ್ತಿದ್ದ ಆ ಮುಖಕ್ಕೆ ನಾನು ಎಷ್ಟೆಂದು ಬಣ್ಣ ಬಳಿಯಲಿ? ಉಳ್ಳಾಗಡ್ಡಿ, ಬದನೆಕಾಯಿ, ಕಬ್ಬು, ಎಲ್ಲವನ್ನೂ ಹೇಳಿದೆ. ಜಾಲಿ ಟೊಂಗೆಯನ್ನು ಸ್ವಲ್ಪ ಒತ್ತಿ ಹೇಳಿದೆ. ಕೊನೆಗೆ, "ಕೊಯ್ಲಿಕ್ಕ ಅದೇ ಚಲೋ ಅದ ಮಾಮಾ. ಕಡೀಲಿಕ್ಕ ನಿಮ್ದು," ಎಂದು ನೆಲ ನೋಡುತ್ತ ಕೂತೆ. ಅವರ ಮನೆಯ ದೀಪ ಆರಿಸಲು ಬಂದವಳಂತೆ ನನಗೇ ನಾನು ಕಂಡೆ.

ಮಾಮಾ ಒಂದು ಹೊಸ ಪಟ್ಟಿ ತೆಗೆದು ಕೆಂಡದ ಮೇಲೆ ಇಟ್ಟರು.

"ಕುಲುಮಿ ಆರಸೂದಿಲ್ಲೇನ್ರಿ?" ಎಂದೆ.

"ನಂದೇ ಚಲೋ ಅಂದಿದ್ರ ಇವತ್ತೇ ಆರಸ್ತಿದ್ದೆ," ಎಂದರು. "ತಂಗಿ ಮಗಳು ನನಗ ಕರುಣಾ ತೋರಸ್ಲತ್ತಾಳ ಅಂತ ತಿಳೀತಿತ್ತು. ಕೆಲಸಾ ಮಾಡವಗ ಕರುಣಾ ತೋರಿಸಿದ್ರ ಅವ ಮುಗದಂಗೇ. ಈಗ ಹಂಗಲ್ಲ ನೋಡು. ಇಷ್ಟು ತೆಳ್ಳಗ ಬಡೀಲಾಕ ನನಗ ಬರ್ತದೋ ಇಲ್ಲೋ, ಅದು ಗೊತ್ತಾಗಬೇಕಲ್ಲ."

ಪರದೇಶದ ಅಲಗನ್ನು ಅವರು ಕಣ್ಣಿಗೆ ಕಾಣುವಂತೆ ಎದುರಿನ ಗೋಡೆಗೆ ಒರಗಿಸಿದರು. ಅವತ್ತು ಮಾಮಿ ಊರಲ್ಲಿರಲಿಲ್ಲ. ಅವರ ಬದಲು ಕುಲುಮೆಗೆ ಗಾಳಿ ಊದುವ ಚಕ್ರದ ಹಿಡಿಕೆ ತಿರುಗಿಸುವವರು ಬೇಕಿತ್ತು.

"ಕಣ್ಣ ಒರಸ್ಕೋ, ಬಾ, ತಿರುಗಸು," ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಮೊದಲನೆಯ ಪಟ್ಟಿ ಬಿರುಕು ಬಿಟ್ಟಿತು. ಎರಡನೆಯದು ಡೊಂಕಾಯಿತು. ಮಾಮಾ ಎರಡನ್ನೂ ಪಕ್ಕಕ್ಕೆಸೆದು ಮೂರನೆಯ ಪಟ್ಟಿಗೆ ಕೈಚಾಚಿದರು.