ಖಾದರ್ ಉಸ್ತಾದರ ಐದು ಸೋಲುಗಳು

ಖಾದರ್ ಉಸ್ತಾದರ ಹೆಸರಿನಲ್ಲಿ ಬರೆದಿರುವ ಎಂಟು ಸೋಲುಗಳಲ್ಲಿ ಐದು ಸೋಲುಗಳೇ ಅಲ್ಲ. ಅದು ನನಗೆ ಗೊತ್ತಿತ್ತು. ಬರೆದವನು ನಾನು — ಗೊತ್ತಿದ್ದೂ ಮುಚ್ಚಿಟ್ಟವನೂ ನಾನೇ. ಅದರಿಂದ ಅವರ ಕೆಲಸ ಹೋಯಿತು. ಆಮೇಲೆ ಒಂದು ಜೀವ ಹೋಯಿತು. ಅದರ ಮೇಲೂ ಇನ್ನೊಂದು ಮಾಡಿದೆ. ಅದನ್ನು ಹೇಳಲು ನನಗೆ ಸ್ವಲ್ಪ ಸಮಯ ಬೇಕು.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಬಾಯಿ ಬಿಡುತ್ತಿರುವುದು ಧೈರ್ಯ ಬಂದದ್ದಕ್ಕಲ್ಲ, ತಲೆ ಕೆಟ್ಟದ್ದಕ್ಕೆ. ನಮ್ಮ ಕಾಲೇಜು ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ಅಲ್ಲಿ ಓದಿದ ಮುದುಕರು ನಾಲ್ಕು ಜನ ಸೇರಿದರೆ ಸಾಕು, ಸಿಂಧನೂರಿನ ಚಹದಂಗಡಿಯಲ್ಲಾಗಲಿ, ಯಾರದೋ ಮನೆಯ ಮದುವೆಯಲ್ಲಾಗಲಿ, ಅದೇ ಜಗಳ. ನಮಗೆ ಫುಟ್‌ಬಾಲ್ ಕಲಿಸಿದ ಮೂವರಲ್ಲಿ ಯಾರು ದೊಡ್ಡವರು? ಬೆರಳು ಮಡಚಿ ಎಣಿಸುತ್ತಾರೆ. ಮೇಜು ಗುದ್ದುತ್ತಾರೆ. ಎಲ್ಲರಿಗೂ ಮೊಮ್ಮಕ್ಕಳಿದ್ದಾರೆ!

“ಮೊದಲಿನ ಮಾಸ್ತರು ಹದಿಮೂರು ಗೆದ್ದಾರಲೇ, ಹದಿಮೂರು!”

“ಗೆದ್ರ ಏನಾತು? ನಾಕು ಸೋತಾರ. ರಂಗರಾವ್ ಒಂದೂ ಸೋತಿಲ್ಲ. ಲೆಕ್ಕ ತಗಿ.”

“ಆ ಖಾದರ್ ಸಾಬನ್ನ ಮಾತ್ರ ಎತ್ತಬ್ಯಾಡ್ರಪ್ಪ. ಗೆದ್ದಿದ್ದು ಒಂಬತ್ತು, ಕೆಡಿಸಿದ್ದು ಎಂಟು.”

ಕೊನೆಗೆ ನನ್ನ ಕಡೆ ತಿರುಗುತ್ತಾರೆ. “ಅಮರೇಶಪ್ಪಾ, ನೀನ ಹೇಳೋ. ದಫ್ತರ ನಿನ್ನ ಕೈಯಾಗ ಇತ್ತಲ್ಲ.” ಕಳೆದ ತಿಂಗಳು ಒಬ್ಬರು ಮನೆಗೇ ಬಂದರು. ಮೂವರ ಸೋಲು-ಗೆಲುವು ಪಟ್ಟಿ ಮಾಡಿ ಕೊಡಬೇಕಂತೆ, ಛಾಪಿಸಿ ಎಲ್ಲರಿಗೂ ಹಂಚುತ್ತಾರಂತೆ. ಪಟ್ಟಿ! ಒಂದು ಸಲ ಮಾಡಿದ್ದು ಸಾಲದೆ?

ಕಾಲೇಜು ಎಂದರೆ ದೊಡ್ಡದೇನಲ್ಲ. ನಿಜಾಮರ ಕಾಲ. ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯಲ್ಲಿ, ಫೌಜು ಬಿಟ್ಟು ಹೋದ ಕಟ್ಟಡಗಳಲ್ಲಿ, ಹೈಸ್ಕೂಲು ಮತ್ತು ಅದರ ಮೇಲೆ ಎರಡು ವರ್ಷದ ಇಂಟರು — ಎಲ್ಲ ಒಂದೇ ಆವರಣದಲ್ಲಿ. ಪಾಠ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ. ಫೌಜಿನವರು ಕವಾಯತು ಮಾಡುತ್ತಿದ್ದ ಗಟ್ಟಿ ಮರಡಿ ನೆಲವೇ ನಮ್ಮ ಮೈದಾನ. ನಮ್ಮ ಮುಕ್ಕುಂದದ ಎರೆಹೊಲದಲ್ಲಿ ಮಳೆ ಬಿದ್ದರೆ ಕಾಲು ಕೀಳಲಾಗದು, ಚೆಂಡು ಆಡುವ ಮಾತು ದೂರ. ಆ ಮೈದಾನ ನೋಡಿ ಹುಚ್ಚಾಗಿದ್ದೆ ನಾನು.

ಖಾದರ್ ಉಸ್ತಾದರು ಫೌಜಿನಲ್ಲಿದ್ದು ಬಂದವರು. ನಮಗೆ ಎರಡನೆಯ ಕೋಚು. ಓದು ಬರಹ ಬರುತ್ತಿರಲಿಲ್ಲ. ಅವರು ಬಂದ ವರ್ಷವೇ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ನನ್ನನ್ನು ಆಡುವ ಹನ್ನೊಂದು ಮಂದಿಯಿಂದ ತೆಗೆದರು. ಎಲ್ಲರ ಮುಂದೆ ಹೇಳಿದರು: “ಬೇಟಾ ಅಮರೇಶ, ನಿನ್ನ ಕಾಲಿಗಿಂತ ಕೈ ಚಲೋ ಐತಿ. ಆಡೂದು ಬಿಡು, ಆಟದ ದಫ್ತರ ಬರಿ.” ಹುಡುಗರು ನಕ್ಕರು. ಗೋಲಿಗೆ ನಿಲ್ಲುತ್ತಿದ್ದ ಮಸ್ಕಿಯ ಮಲ್ಲೇಶಿ ಎಲ್ಲರಿಗಿಂತ ಜೋರಾಗಿ ನಕ್ಕ, ಸಂಜೆ ತಾನೇ ಬಂದು, “ಸಿಟ್ಟ್ಯಾಕಲೇ, ದಫ್ತರದ್ದು ಮಾಮಲೇದಾರ್ ಕೆಲಸ!” ಎಂದು ಬೆನ್ನು ತಟ್ಟಿದ. ಅವನ ಮೇಲೆ ಸಿಟ್ಟು ಉಳಿಯಲಿಲ್ಲ. ಉಸ್ತಾದರ ಮೇಲೆ — ಉಳಿಯಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ.

ದಫ್ತರದಲ್ಲಿ ಪ್ರತಿ ಆಟಕ್ಕೂ ಒಂದು ಸಾಲು: ದಿನ, ಊರು, ಎದುರು ತಂಡ, ಸೋಲೋ ಗೆಲುವೋ, ಕೊನೆಗೆ ಕೈಫಿಯತ್. ನಿಜಾಮರ ಕಚೇರಿಯ ಯಾವ ಕಾಗದವೂ ಆ ಖಾನೆ ಇಲ್ಲದೆ ಮುಗಿಯುತ್ತಿರಲಿಲ್ಲ — ಏನಾಯಿತು, ಯಾಕಾಯಿತು ಎಂದು ವಿವರ ಬರೆಯುವ ಜಾಗ. ಉಸ್ತಾದರ ಮೂರು ವರ್ಷಗಳಲ್ಲಿ ಐದು ಸಾಲುಗಳ ಕೈಫಿಯತ್ತು ಒಂದೇ: “ಹೊಳೆ ಬಂದಿತ್ತು. ದಾಟಲಿಲ್ಲ.”

ತುಂಗಭದ್ರೆಯ ಆಚೆ ಬ್ರಿಟಿಷರ ಸೀಮೆ. ಅಲ್ಲಿಯ ಎರಡು ತಂಡಗಳ ಜೊತೆ ಆಟ ಶುರುವಾದದ್ದೇ ಉಸ್ತಾದರ ಕಾಲದಲ್ಲಿ. ಮೊದಲಿನ ಮಾಸ್ತರಿಗೆ ಹೊಳೆ ದಾಟುವ ಪ್ರಸಂಗವೇ ಬಂದಿರಲಿಲ್ಲ. ಒಪ್ಪಂದದಂತೆ ಮೊದಲು ಅವರ ಮೈದಾನ, ಆಮೇಲೆ ನಮ್ಮದು. ನಾವು ಹೋಗುವ ಸರದಿ ಶ್ರಾವಣ ಭಾದ್ರಪದದಲ್ಲಿ ಬೀಳುತ್ತಿತ್ತು. ಹೇಳಿದ ಹೊತ್ತಿಗೆ ಬಾರದ ತಂಡ ಸೋತಂತೆ. ಮಸ್ಕಿ, ಸಿಂಧನೂರಿನವರೆಗೆ ಮೋಟಾರು, ಅಲ್ಲಿಂದ ಚಕ್ಕಡಿಯಲ್ಲಿ ನಮ್ಮೂರು ಮುಕ್ಕುಂದ, ಅಲ್ಲಿ ಹರಿಗೋಲು. ಉಸ್ತಾದರು ದಂಡೆಯಲ್ಲಿ ನಿಂತು ನೀರು ನೋಡುತ್ತಿದ್ದರು, ಅಂಬಿಗರ ಹುಲಿಗೆಪ್ಪನ ಮುಖ ನೋಡುತ್ತಿದ್ದರು. ಹುಲಿಗೆಪ್ಪ ತಲೆ ಅಲ್ಲಾಡಿಸಿದರೆ ಮುಗಿಯಿತು. “ನಡೀರಿ ವಾಪಸ್. ಹೊಳಿ ಕೂಡ ಆಡಾಕ ನಾ ಯಾರಿಗೂ ಕಲಿಸಿಲ್ಲ.” ಹುಡುಗರು ಅಳುವುದೊಂದು ಬಾಕಿ. ನಿಜಾಮರ ಸೀಮೆಯನ್ನು ಮೊಗಲಾಯಿ ಎನ್ನುವ ಆಚೆಯವರು ಆಮೇಲೆ ನಮ್ಮಲ್ಲಿಗೆ ಬಂದಾಗ ಗೇಲಿ ಮಾಡಿದರು — “ಮೊಗಲಾಯಿ ಮಂದಿ ಸ್ನಾನಾನಾರ ಮಾಡ್ತೀರೋ ಇಲ್ಲೋ? ನೀರು ಅಂದ್ರ ಓಡ್ತೀರಿ.”

ಮೂರನೆಯ ವರ್ಷದ ಕೊನೆಗೆ ಕಾಲೇಜಿನ ಕಮಿಟಿ ಉಸ್ತಾದರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಕೂತಿತು. ಮೊದಲಿನ ಮಾಸ್ತರಿಗೂ ಇವರಿಗೂ ಹೋಲಿಸಿ ಒಂದು ನಕಲು ಮಾಡಿ ತಾ ಎಂದು ನನಗೆ ಹೇಳಿದರು. ಮಾಡಿದೆ. ಅಂದವಾಗಿ ಗೀಟು ಎಳೆದೆ. ಕೈಫಿಯತ್ ಖಾನೆಯ ತಲೆಬರಹ ಬರೆದೆ, ಕೆಳಗೆ ಒಂದಕ್ಷರವನ್ನೂ ಇಳಿಸಲಿಲ್ಲ. ಮೊದಲಿನವರು ಹದಿಮೂರು ಗೆಲುವು, ನಾಲ್ಕು ಸೋಲು. ಇವರು ಒಂಬತ್ತು, ಎಂಟು.

ಕಮಿಟಿಯ ಹಿರಿಯರು ಓದಿ ಹುಬ್ಬು ಏರಿಸಿದರು. ಉಸ್ತಾದರು ನಿಂತೇ ಹೇಳಿದರು: “ಹುಜೂರ್, ಐದು ಸಲ ಹೊಳಿ ಬಂದಿತ್ರಿ.”

“ಎಲ್ಲಿಂದ ಬಂತ್ರಿ ಹೊಳಿ? ಈ ಮೂರು ವರ್ಸಾನೂ ಮಳೀನ ಇದ್ದಿಲ್ಲ. ಜ್ವಾಳ ಒಣಗಿತ್ತು.”

ಹೊಳೆ ನೋಡದ ಮಂದಿಗೆ ಇದು ತಿಳಿಯದು. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಮೇಲುಸೀಮೆಯ ಮಳೆಗೆ ತುಂಗಭದ್ರೆ ಕೆಂಪಾಗಿ ಉಕ್ಕುತ್ತದೆ. ಮುಕ್ಕುಂದದಲ್ಲಿ ಹುಟ್ಟಿದ ನನಗೆ ಅದು ಗೊತ್ತು. ಬಾಯಿ ತೆರೆದು ಅಷ್ಟೇ ಹೇಳಿದ್ದರೂ —

ಉಸ್ತಾದರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಳುಕಿರಲಿಲ್ಲ. “ಕೈಫಿಯತ್‌ನ್ಯಾಗ ಬರಿಸೀನ್ರಿ. ಓದು ಬೇಟಾ.”

“ಖಾಲಿ ಐತ್ರಿ,” ಎಂದೆ.

ನಕಲನ್ನು ಎತ್ತಿ ತೋರಿಸಿಯೂ ತೋರಿಸಿದೆ. ಮೂಲ ದಫ್ತರ ನನ್ನ ಟ್ರಂಕಿನಲ್ಲಿತ್ತು. ಯಾರೂ ಕೇಳಲಿಲ್ಲ. ಉಸ್ತಾದರು ಆ ಬಿಳಿ ಖಾನೆಯನ್ನೇ ನೋಡಿದರು. “ಹೋಗ್ಲಿ ಬಿಡ್ರಿ. ಹುಡುಗ, ಮರ್ತಾನ,” ಎಂದರು. ಸುಳ್ಳುಗಾರನೆನಿಸಿಕೊಂಡು ಹೊರಗೆ ಹೋಗುವಾಗಲೂ ನನ್ನ ಪರ ವಹಿಸಿ ಹೋದರು.

ಅವರ ಜಾಗಕ್ಕೆ ರಂಗರಾವ್ ಬಂದರು. ಪ್ರಾಯದವರು, ಕೆಟ್ಟವರಲ್ಲ. ಅವರಿಗೆ ಕೊಟ್ಟದ್ದು ನನ್ನ ನಕಲು. ಐದು ಸಲ ಹೊಳೆಯ ಆಚೆಯೇ ಸೋತ ತಂಡ ಎಂದು ಓದಿಕೊಂಡು, ಅದನ್ನು ತೊಳೆಯುತ್ತೇನೆ ಎಂದು ಹಟ ತೊಟ್ಟರು. ಮೊದಲ ಆರು ಆಟ ಆರೂ ಗೆದ್ದರು. ಏಳನೆಯದು ಹೊಳೆಯಾಚೆ.

ಮೋಟಾರು ಮಸ್ಕಿಯಲ್ಲಿ ನಿಂತಾಗ ಮಲ್ಲೇಶಿಯ ತಾಯಿ ಸಜ್ಜಿರೊಟ್ಟಿಯ ಗಂಟು ತಂದು ಕೊಟ್ಟಳು. “ಎಲ್ಲಾರೂ ತಿನ್ರಪ್ಪ, ಇವನೊಬ್ಬನ ಮುಕ್ಕತಾನ,” ಎಂದಳು. ನಕ್ಕೆವು. ಮುಕ್ಕುಂದ ತಲುಪಿದಾಗ ಬಿಸಿಲಿತ್ತು. ಹೊಳೆ ಕೆಂಪಗೆ, ದಂಡೆಯ ಜಾಲಿಗಿಡಗಳ ಸೊಂಟದವರೆಗೆ ಬಂದಿತ್ತು.

ಹುಲಿಗೆಪ್ಪ ಹರಿಗೋಲು ಬೋರಲು ಹಾಕಿಕೊಂಡು ಕೂತಿದ್ದ. “ಬ್ಯಾಡ್ರಿ ಮಾಸ್ತರ. ನಡು ಹೊಳ್ಯಾಗ ಬಂಡೆಗಲ್ಲು ಮುಳುಗ್ಯಾವ, ಕಾಣಂಗಿಲ್ಲ. ಖಾದರ್ ಸಾಬ್ರಿದ್ರ ಇವತ್ತು ಕಾಲ ಇಡ್ತಿದ್ದಿಲ್ಲ.”

ರಂಗರಾವ್ ಥಟ್ಟನೆ ನನ್ನತ್ತ ತಿರುಗಿದರು. ಅವರ ಮನಸ್ಸು ಆ ಕ್ಷಣ ತಕ್ಕಡಿಯಲ್ಲಿತ್ತು. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ — ಉಣ್ಣುವಾಗ, ಪಾಠ ಹೇಳುವಾಗ, ಮಗಳ ಮದುವೆಯ ಅಕ್ಷತೆ ಹಾಕುವಾಗ — ಆ ತಿರುಗಿದ ಮುಖ. “ಅಮರೇಶ, ನೀ ದಫ್ತರದಾವ. ಖಾದರ್ ಸಾಹೇಬ್ರು ಇಂಥಾ ನೀರಾಗ ಏನ್ ಮಾಡ್ತಿದ್ರು?”

ವಾಪಸ್ ಹೋಗುತ್ತಿದ್ದರು ಎಂದರೆ, ಆ ಐದು ಸೋಲು ಎಂಥವು ಎಂದು ಅಲ್ಲೇ ಬಯಲಾಗುತ್ತಿತ್ತು.

“ನೆನಪಿಲ್ರಿ,” ಎಂದೆ.

ಹುಲಿಗೆಪ್ಪ ನನ್ನನ್ನು ನೋಡಿದ ರೀತಿ — ಬಿಡಿ. ಮಾಸ್ತರು ಹಟ ಮಾಡಿದರು, ಆಚೆಯವರ ಗೇಲಿ ಮರೆಯದ ಹುಡುಗರು ಹಳೆಯದನ್ನು ಎತ್ತದೆ ಹೋಗೋಣ ಎಂದು ಕೂಗು ಹಾಕಿದರು, ಆಚೆ ದಂಡೆಯಿಂದ ಯಾರೋ ಟವೆಲು ಬೀಸಿ ಕರೆದರು. ಹುಲಿಗೆಪ್ಪ ಬೈಯುತ್ತಲೇ ಹರಿಗೋಲು ನೀರಿಗೆ ಹಾಕಿದ. ಮೊದಲ ಸರದಿಗೆ ಎಂಟು ಜನ ಹತ್ತಿದೆವು. ನಾನು ಈಚೆ ಅಂಚಿನಲ್ಲಿ, ಮಲ್ಲೇಶಿ ನನಗೆ ಎದುರು, ಚೆಂಡು ಅವನ ತೊಡೆಯ ಮೇಲೆ. ಅರ್ಧ ಹೊಳೆ ಸುಖವಾಗಿ ಹೋದೆವು. ಹರಿಗೋಲು ಒಮ್ಮೆ ಸುತ್ತಿತು, ಎಲ್ಲರೂ ಹೋ ಎಂದರು. ಎರಡನೆಯ ಸುತ್ತಿಗೆ ಯಾರೂ ಹೋ ಎನ್ನಲಿಲ್ಲ. ಕೆಳಗೆ ಬಂಡೆ ಉಜ್ಜಿದ್ದು ಕೂತಲ್ಲಿಗೇ ತಿಳಿಯಿತು, ಹರಿಗೋಲಿನ ತೊಗಲು ಹರಿಯಿತು. ಆಮೇಲೆ ಬಾಯಿ ತುಂಬ ಮಣ್ಣು ನೀರು.

ನನಗೆ ಈಜು ಬರುತ್ತಿತ್ತು. ಇಬ್ಬರು ನನ್ನ ಹೆಗಲು ಹಿಡಿದಿದ್ದರು. ಅವರನ್ನು ಬಂಡೆಗೆ ಹತ್ತಿಸಿದೆ. ಉಳಿದವರನ್ನು ಹುಲಿಗೆಪ್ಪ ಎಳೆದ. ಮಲ್ಲೇಶಿ ಹತ್ತು ಮಾರು ಕೆಳಗಿದ್ದ. ಮಸ್ಕಿಯವನಿಗೆ ಈಜು ಎಲ್ಲಿಂದ ಬರಬೇಕು? ಗೋಲು ಹಿಡಿಯುವವನಂತೆ ಎರಡೂ ಕೈ ಮೇಲೆತ್ತಿದ್ದ. ನನ್ನ ಹೆಸರು ಕೂಗಿದ. ನಾನು ಬಂಡೆ ಬಿಡಲಿಲ್ಲ. ಬಿಟ್ಟಿದ್ದರೆ ನಾನೂ ಹೋಗುತ್ತಿದ್ದೆ ಎಂದು ಹುಲಿಗೆಪ್ಪ ಆಮೇಲೆ ಹೇಳಿದ. ಇರಬಹುದು.

ಇನ್ನು ಚಹದಂಗಡಿಯ ಪಂಡಿತರಿಗೆ ಒಂದು ಮಾತು. ರಂಗರಾವ್ ಒಂದೂ ಸೋತಿಲ್ಲ ಎನ್ನುತ್ತೀರಲ್ಲ — ಆ ದಿನ ನಾವು ಆಚೆ ಮುಟ್ಟಲಿಲ್ಲ. ಕಟ್ಟಳೆಯ ಪ್ರಕಾರ ಸೋಲು. ಆಚೆಯವರು ಒಳ್ಳೆಯ ಮಂದಿ, ಸತ್ತ ಹುಡುಗನ ಮೇಲೆ ಗೆಲುವು ಬೇಡ ಎಂದು ಬಿಟ್ಟುಕೊಟ್ಟರು. ಅದಕ್ಕೇ ನಿಮ್ಮ ಬೆರಳೆಣಿಕೆಯಲ್ಲಿ ಅದು ಬರುವುದಿಲ್ಲ. ಹುಡುಗರನ್ನು ಜೀವಂತ ಮನೆಗೆ ಕರೆತಂದ ಐದು ದಿನ ಸೋಲಾಗಿ ಕೂತಿವೆ. ಮಲ್ಲೇಶಿ ಮುಳುಗಿದ ದಿನ ಯಾರ ಸೋಲೂ ಅಲ್ಲ. ಇದನ್ನು ಛಾಪಿಸಿ ಹಂಚುತ್ತೀರಾ? ಆ ಆಟದ ನಂತರ ರಂಗರಾವ್ ಮೈದಾನಕ್ಕೆ ಕಾಲಿಡಲಿಲ್ಲ, ಅದಾದರೂ ನೆನಪಿದೆಯಾ? ಪಟ್ಟಿ ನಾನು ಮಾಡುವುದಿಲ್ಲ. ಮಾಡುವವರು ಮೂಲ ದಫ್ತರ ನೋಡಿ ಮಾಡಲಿ; ನನ್ನಲ್ಲೇ ಉಳಿದಿದ್ದ ಅದನ್ನು ಪಟ್ಟಿ ಕೇಳಲು ಬಂದವರ ಕೈಗೇ ಕೊಟ್ಟು ಬಂದಿದ್ದೇನೆ.

ಉಳಿದದ್ದೊಂದಿದೆ.

ಹೆಣ ಸಿಗಲು ಮೂರು ದಿನ ಹಿಡಿಯಿತು. ಕೆಲಸ ಹೋದ ಮೇಲೆ ಉಸ್ತಾದರು ಸಿಂಧನೂರಿನಲ್ಲಿ ಹತ್ತಿ ಕಾರಖಾನೆಯೊಂದರ ಬಾಗಿಲು ಕಾಯುತ್ತಿದ್ದರು. ಸುದ್ದಿ ತಿಳಿದ ದಿನವೇ ಸೈಕಲ್ ತುಳಿದುಕೊಂಡು ಮುಕ್ಕುಂದಕ್ಕೆ ಬಂದರು. ಅಂಬಿಗರ ಜೊತೆ ದಂಡೆಗುಂಟ ಕೆಸರಿನಲ್ಲಿ ಅಲೆದರು. ಮೂರನೆಯ ದಿನ, ಹುಡುಗನನ್ನು ಮೇಲೆ ತಂದು ಮಲಗಿಸಿ ಧೋತರ ಹೊದಿಸಿದ ಮೇಲೆ, ಅವರು ನನ್ನ ಪಕ್ಕದಲ್ಲಿ ಬಂದು ಕೂತರು.

ಆಮೇಲೆ ಅಂದರು: “ತಪ್ಪು ನಂದು ಬೇಟಾ. ಹೋಗೂಮುಂದ ರಂಗರಾವ್‌ಗ ಹೊಳಿದೊಂದು ಮಾತು ಹೇಳಿ ಹೋಗಬೇಕಿತ್ತು. ನನ್ನ ತಗದಾರಂತ ಸಿಟ್ಟಿತ್ತು, ಹೇಳಲಿಲ್ಲ. ಸಿಟ್ಟಿಗೆ ಒಂದು ಹುಡುಗನ್ನ ಕೊಟ್ಟೆ.”

ನಾನು ಬಾಯಿ ತೆರೆದೆ. ದೇವರಾಣೆ, ಹೇಳಲೆಂದೇ ತೆರೆದೆ. ಅವರು ಕಾಯುತ್ತಿದ್ದರು.

“ಹೌದ್ರಿ,” ಎಂದೆ. “ಹೇಳಬೇಕಿತ್ತು ನೀವು.”

ಅವರು ತಲೆದೂಗಿದರು. ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದರು. ಸಿಂಧನೂರಿನಲ್ಲಿ, ನನ್ನ ಮನೆಯಿಂದ ಎರಡು ಓಣಿ ಆಚೆ. ಯಾರು ಕೇಳಿದರೂ, ಮಸ್ಕಿಯ ಹುಡುಗ ತನ್ನಿಂದ ಸತ್ತ ಎಂದೇ ಹೇಳುತ್ತಿದ್ದರು.