ಕುರುಗೋಡು ರಸ್ತೆಯ ಮೇಲಿನ ಎರಡನೆಯ ಬಂಡೆ

ಅಂದು ಬೆಳಿಗ್ಗೆ ಬಳ್ಳಾರಿಯ ನಮ್ಮ ಅಡುಗೆಮನೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಗಂಟೆಯೊಳಗೆ ಸುದ್ದಿ ಬಂತು: ಕುರುಗೋಡಿನ ಬಳಿ ಆಳೆತ್ತರದ ಬಂಡೆಯೊಂದು ಬೆಟ್ಟದಿಂದ ಉರುಳಿ ರಸ್ತೆಗೆ ಬಿದ್ದಿದೆ, ಭೂಕಂಪವೇ ಕಾರಣ. ಕಾರಣವನ್ನು ಮೊದಲು ಹೇಳಿದವರು ಯಾರೆಂದು ವಿಚಾರಿಸಿದೆ. ಬೆಟ್ಟದ ಹಿಂಬದಿಯ ಕಲ್ಲುಕ್ವಾರಿಯ ಮೇಸ್ತ್ರಿ ಎಂದು ತಿಳಿಯಿತು. ನನಗೆ ಅಷ್ಟೇ ಸಾಕಾಯಿತು.

ಆ ಕ್ವಾರಿಯ ಸಿಡಿಮದ್ದಿನ ವಿರುದ್ಧ ವರ್ಷಗಳಿಂದ ಅರ್ಜಿ ಬರೆಯುತ್ತಾ ಬಂದವನು ನಾನು. ಎದುರಾಳಿಗೆ ಅನುಕೂಲವಾಗುವ ಸಂಗತಿಯನ್ನು ಎರಡು ಸಲ ಪರೀಕ್ಷಿಸಬೇಕೆಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ಕಲಿಸಿದ ಪಾಠ. ಮದ್ದು ಸಿಡಿದ ನಡುಕ ಸಿರುಗುಪ್ಪದವರೆಗೆ ಹೋಗಲಾರದು ಎಂದುಕೊಂಡು ಅಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

“ಇಲ್ಲೂ ನಡುಗಿತಪಾ, ಗ್ವಾಡಿ ಮ್ಯಾಲಿನ ಕನ್ನಡಿ ಕುಣೀತು. ಯಾಕ, ಈಗ ಭೂಮಿ ಮ್ಯಾಲೂ ಅರ್ಜಿ ಹಾಕ್ತೀಯೇನು?”

ಆದರೂ ಅನುಮಾನ ಕರಗಲಿಲ್ಲ. ಕೊನೆಯ ತಳ್ಳು ಭೂಮಿಯದೇ ಇರಬಹುದು. ಬುಡ ಸಡಿಲಿಸಿದವರು ಯಾರು?

ಮಧ್ಯಾಹ್ನ ಕುರುಗೋಡಿಗೆ ಹೋದೆ. ಬಿದ್ದ ಬಂಡೆಯಿಂದ ಹತ್ತು ಹೆಜ್ಜೆ ಆಚೆ ಹೆಣ್ಣುಮಗಳೊಬ್ಬಳ ಮಿರ್ಚಿ ಬಜ್ಜಿ ಅಂಗಡಿ. ಅದರ ನೇರ ಮೇಲೆ, ಇಳಿಜಾರಿನಲ್ಲಿ, ಇನ್ನೊಂದು ಬಂಡೆ. ಅದೂ ಉರುಳಬಹುದು, ಅಂಗಡಿಯನ್ನು ಅಲ್ಲಿಂದ ಎತ್ತಿಬಿಡಬೇಕು ಎಂದು ಮೇಸ್ತ್ರಿ ಹೇಳಿಹೋಗಿದ್ದನಂತೆ. ಬಂಡೆ ಉರುಳಿದ್ದನ್ನು ಕಂಡಿರಬಹುದಾದ ಸಾಕ್ಷಿಯನ್ನೇ ಸ್ಥಳದಿಂದ ಎಬ್ಬಿಸುವ ಹೂಟವೆಂದು ನಾನು ತೀರ್ಮಾನಿಸಿದೆ.

“ಜಾಗ ಬಿಡಬ್ಯಾಡ್ರಿ ಅಕ್ಕಾ. ತನಿಖಿಯವರು ಬರೂತನಕ ಇಲ್ಲೇ ಇರ್ರಿ,” ಎಂದೆ.

ಆಕೆ ಒಮ್ಮೆ ಮೇಲೆ ನೋಡಿ, ಒಲೆಯ ಉರಿ ತಗ್ಗಿಸಿ, ಪಕ್ಕದ ಮನೆಯ ಕಲ್ಲು ಕಡಿಯುವ ಚಾಚಾನನ್ನು ಕೂಗಿದಳು.

ಆ ಹಿರಿಯರು ಸುತ್ತಿಗೆ ಹಿಡಿದು ಇಳಿಜಾರು ಹತ್ತಿದರು. ನಾನೂ ಹಿಂದೆ ಹೋದೆ. ಒಂದು ಅಂಗೈಯನ್ನು ಬಂಡೆಗೊತ್ತಿ, ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುವುದು ಇಲ್ಲಿನ ಕಲ್ಲುಕುಟಿಗರ ಪದ್ಧತಿ. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ. ಇದು ಒಡೆದ ಗಡಿಗೆಯಂತೆ ಸದ್ದು ಮಾಡಿತು.

“ಬುಡ ಸೀಳೈತ್ರಿ. ನಿಲ್ಲಂಗಿಲ್ಲ ಇದು.”

ಅನುಮಾನ ಅವರ ಕಡೆಗೂ ತಿರುಗಿತು. “ಚಾಚಾ, ನೀವು ಅದ ಕ್ವಾರಿಯಾಗ ದುಡದವ್ರಲ್ಲೇನು?”

“ದುಡದೀನ್ರಿ. ಅದಕ್ಕ ಈ ಸಪ್ಪಳ ಗೊತ್ತೈತಿ.” ಸುತ್ತಿಗೆಯನ್ನು ನನ್ನ ಕೈಗಿತ್ತರು. “ನಂಬಿಕಿ ಇಲ್ಲಂದ್ರ ನೀವ ಬಡೀರಿ.”

ಬಡಿದೆ. ಒತ್ತಿದ ಅಂಗೈಗೆ ಏನೂ ತಲುಪಲಿಲ್ಲ. ಸದ್ದು ಒಳಗೇ ಸತ್ತಿತು.

ಕೆಳಗೆ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮೇಸ್ತ್ರಿಯ ಉದ್ದೇಶ ಏನೇ ಇರಲಿ, ಆ ಎಚ್ಚರಿಕೆ ನಿಜವಾಗಿತ್ತು. ನನ್ನ ವಾದ ಉಳಿಯಲೆಂದು ನಾನು ಒಂದು ಜೀವವನ್ನು ಬಂಡೆಯ ಕೆಳಗೆ ನಿಲ್ಲಿಸಿದ್ದೆ.

ಸರಸರನೆ ಇಳಿದು ಬಂದೆ. “ತಪ್ಪು ಹೇಳಿದೆ ಅಕ್ಕಾ. ಈಗಿಂದೀಗ ಇಲ್ಲಿಂದ ಅಂಗಡಿ ತಗೀರಿ.”

“ಮತ್ತ ಭಾಷಣ ಬ್ಯಾಡ್ರಿ, ಬಾಂಡ್ಲಿ ಎತ್ರಿ. ಸುಡತೈತಿ, ಬಟ್ಟಿ ಹಿಡಕೊಳ್ರಿ.”

ಬಾಂಡ್ಲಿಯನ್ನೂ ತಗಡುಗಳನ್ನೂ ರಸ್ತೆಯಾಚೆ ಸಾಗಿಸುವಷ್ಟು ಹೊತ್ತೂ ನನ್ನ ಕಿವಿ ಬೆಟ್ಟದ ಹಿಂಬದಿಯಲ್ಲೇ ಇತ್ತು. ಭೂಕಂಪವೇ ಕಾರಣವೆಂದು ಊರಿಗೆಲ್ಲ ಸಾರಿದ ಆ ಕ್ವಾರಿಯಲ್ಲಿ ಮದ್ದಿನ ಕುಳಿ ಕೊರೆಯುವ ಯಂತ್ರ ಅಂದೂ ನಿಂತಿರಲಿಲ್ಲ.